ನೆಲದ ಮೇಲೆ ನಿಲ್ಲುವ ಶೆಲ್ಫ್: ಯಾವ ಮರ, ಯಾವ ಗೋಡೆ, ಯಾವ ಹಿಡಿತ?

ಮನೆಗೊಂದು ಪುಸ್ತಕದ ಶೆಲ್ಫ್ ಬೇಕು. ಪ್ಲೈವುಡ್‌ನಲ್ಲಿ ಮಾಡಿಸೋದಾ, ಮರದಲ್ಲಾ, ಇಲ್ಲ ಆನ್‌ಲೈನ್‌ನಲ್ಲಿ ಬರುವ ರೆಡಿಮೇಡ್ ತರಿಸೋದಾ? ಈ ಪ್ರಶ್ನೆ ಕೇಳುವವರು ಬಹಳ ಜನ. ಅವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಗೋಡೆ ಯಾವುದರದು? ಇಟ್ಟಿಗೆಯದಾ, ಹಾಲೋ ಬ್ಲಾಕಾ, ಮುರಕಲ್ಲಾ, ಮಣ್ಣಾ? ಸುಮಾರು ಜನಕ್ಕೆ ಗೊತ್ತಿರುವುದಿಲ್ಲ. ಮರದ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ, ಗೋಡೆಯ ಬಗ್ಗೆ ಒಂದು ನಿಮಿಷ ಇಲ್ಲ. ಆದರೆ ಆರಡಿ ಎತ್ತರದ ಶೆಲ್ಫ್ ಮಕ್ಕಳಿರುವ ಮನೆಯಲ್ಲಿ ಇರಬಹುದಾ ಬೇಡವಾ ಅನ್ನುವುದನ್ನು ಮರಕ್ಕಿಂತ ಗೋಡೆಯೇ ಜಾಸ್ತಿ ನಿರ್ಧರಿಸುತ್ತದೆ.

ಇಲ್ಲಿ ಹೇಳುತ್ತಿರುವುದು ನೆಲದ ಮೇಲೆ ನಿಲ್ಲುವ ಶೆಲ್ಫ್ ಬಗ್ಗೆ ಮಾತ್ರ. ಗೋಡೆಗೆ ತೂಗುಹಾಕಿದ ಶೆಲ್ಫ್‌ನಲ್ಲಿ ಪೂರ್ತಿ ಭಾರ ಸ್ಕ್ರೂಗಳ ಮೇಲೆ ಬೀಳುತ್ತದೆ. ನಿಲ್ಲಿಸಿದ್ದರಲ್ಲಿ ಭಾರ ನೆಲಕ್ಕೆ ಇಳಿಯುತ್ತದೆ. ಅದು ಮುಂದಕ್ಕೆ ಬೀಳದ ಹಾಗೆ ಹಿಡಿದುಕೊಂಡರೆ ಗೋಡೆಯ ಕೆಲಸ ಮುಗಿಯಿತು. ಅದಕ್ಕೇ ಗೋಡೆ ಸ್ವಲ್ಪ ಬಡವಾಗಿದ್ದರೆ ತೂಗುಹಾಕುವ ಆಸೆ ಬಿಟ್ಟು ನಿಲ್ಲಿಸುವುದನ್ನೇ ಆರಿಸಿ ಅನ್ನುತ್ತೇನೆ.

ಮೊದಲು ಅಳೆಯಬೇಕಾದ್ದು

ಭಾರದಿಂದ ಶುರು ಮಾಡೋಣ. ಸಾಮಾನ್ಯ ಡೆಮಿ ಅಳತೆಯ ಕಾದಂಬರಿಗಳನ್ನು ಒತ್ತಾಗಿ ನಿಲ್ಲಿಸಿದರೆ ಒಂದು ಅಡಿ ಸಾಲಿಗೆ ಸುಮಾರು 7 ಕೆ.ಜಿ. ದೊಡ್ಡ ನಿಘಂಟು, ಚಿತ್ರದ ಪುಸ್ತಕ, ಕಾನೂನು ಪುಸ್ತಕಗಳಾದರೆ ಅದರ ಎರಡು ಪಟ್ಟು ಹತ್ತಿರ ಹೋಗುತ್ತದೆ. ಆರಡಿ ಎತ್ತರ, ಎರಡೂವರೆ ಅಡಿ ಅಗಲ, ಐದು ಖಾನೆಯ ಶೆಲ್ಫ್ ಅಂತ ಇಟ್ಟುಕೊಳ್ಳಿ. ತುಂಬಿದಾಗ ಪುಸ್ತಕವೇ 85-90 ಕೆ.ಜಿ. ಆಗುತ್ತದೆ. 18 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದರೆ ಶೆಲ್ಫ್‌ನ ಸ್ವಂತ ತೂಕ ಇನ್ನೊಂದು 33 ಕೆ.ಜಿ. ಒಟ್ಟು 120.

ಇಷ್ಟು ಭಾರದ್ದು ಎಲ್ಲಿ ಬೀಳುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಅದರ ಆಳ ಒಂದು ಅಡಿಗಿಂತ ಕಡಿಮೆ. ಎತ್ತರ ಆರಡಿ. ಲೆಕ್ಕ ಹಾಕಿದರೆ, ಮೇಲ್ತುದಿಯನ್ನು ಹಿಡಿದು ಸುಮಾರು 10 ಕೆ.ಜಿ.ಯಷ್ಟು ಬಲದಲ್ಲಿ ಎಳೆದರೆ ತುಂಬಿದ ಶೆಲ್ಫ್‌ನ ಹಿಂದಿನ ಅಂಚು ನೆಲ ಬಿಟ್ಟು ಏಳುತ್ತದೆ. ಖಾಲಿ ಶೆಲ್ಫ್‌ಗೆ 3 ಕೆ.ಜಿ. ಸಾಕು. ಮೇಲಿನ ಖಾನೆಯ ಬಿಗಿಯಾದ ಪುಸ್ತಕವನ್ನು ಜಗ್ಗಿ ಎಳೆಯುವಾಗಲೇ ಅಷ್ಟು ಬಲ ಬಿದ್ದುಹೋಗಬಹುದು. ಕೆಳಗಿನ ಹಲಗೆಯ ಮೇಲೆ ಕಾಲಿಟ್ಟು ಹತ್ತುವ ಮಗುವಿನ ಮಾತು ಬೇರೆ ಹೇಳಬೇಕಿಲ್ಲ. ಇದೇ ಲೆಕ್ಕದ ಇನ್ನೊಂದು ಮುಖ ಸಮಾಧಾನದ್ದು. ಬೀಳಿಸಲು ಬೇಕಾದ ಬಲ ಕಡಿಮೆ ಅಂದರೆ ತಡೆಯಲು ಬೇಕಾದ್ದೂ ಕಡಿಮೆ. ಮೇಲ್ತುದಿಯಲ್ಲಿ ಸರಿಯಾಗಿ ಕೂತ ಎರಡು ಸ್ಕ್ರೂ ಈ ಕೆಲಸ ಮಾಡುತ್ತವೆ.

ಆಮೇಲೆ ಹಲಗೆಯ ಉದ್ದ. ಪುಸ್ತಕ ತುಂಬಿದ ಹಲಗೆಯ ಉದ್ದ ಹೆಚ್ಚಿದ ಹಾಗೆ ಅದು ಬಾಗುವುದು ವಿಪರೀತ ಹೆಚ್ಚುತ್ತದೆ. ಎರಡಡಿಯದನ್ನು ಮೂರಡಿ ಮಾಡಿದರೆ ಬಾಗು ಐದು ಪಟ್ಟು, ನಾಲ್ಕಡಿ ಮಾಡಿದರೆ ಹದಿನಾರು ಪಟ್ಟು. ದುಬಾರಿ ಮರ ಹಾಕಿ ನಾಲ್ಕಡಿ ಉದ್ದ ಬಿಡುವುದಕ್ಕಿಂತ ಸಾಧಾರಣ ಪ್ಲೈವುಡ್ ಹಾಕಿ ನಡುವೆ ಒಂದು ನಿಲುಹಲಗೆ ಕೊಡುವುದು ಎಷ್ಟೋ ಮೇಲು.

ಇನ್ನುಳಿದದ್ದು ನೀರು, ಗೆದ್ದಲು, ಮನೆ ಬದಲಾಯಿಸುವ ಸಾಧ್ಯತೆ, ಮತ್ತೆ ದುಡ್ಡು. ಈ ನಾಲ್ಕೂ ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಆಗುಂಬೆಯ ಮನೆಗೆ ಹೇಳಿದ್ದು ಬಳ್ಳಾರಿಯ ಮನೆಗೆ ಹೊಂದುವುದಿಲ್ಲ.

ಪ್ಲೈವುಡ್

ಹೆಚ್ಚಿನವರಿಗೆ ನನ್ನ ಸಲಹೆ ಇದೇ. ಕಾರಣ ಸರಳ. ಅಡ್ಡ-ಉದ್ದ ಪದರಗಳಿರುವುದರಿಂದ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಕಾಟ ಕಡಿಮೆ. ಬೆನ್ನು ಬಿಟ್ಟರೆ ಒಂದೇ ಹಾಳೆಯಲ್ಲಿ ಇಡೀ ಶೆಲ್ಫ್ ಆಗುತ್ತದೆ. ಹೇಗೆ ಅಂತ ನೋಡಿ: 8 ಅಡಿ × 4 ಅಡಿಯ 18 ಮಿ.ಮೀ. ಹಾಳೆಯನ್ನು ಉದ್ದಕ್ಕೆ ನಾಲ್ಕು ಪಟ್ಟಿ ಸೀಳಿಸಿ. ಗರಗಸದ ತಿನಿಸು ಕಳೆದು ಪ್ರತಿ ಪಟ್ಟಿ ಹನ್ನೊಂದೂಮುಕ್ಕಾಲು ಇಂಚು ಅಗಲ ಸಿಗುತ್ತದೆ. ಎರಡು ಪಟ್ಟಿಯಿಂದ ಆರಡಿಯ ಎರಡು ಪಕ್ಕದ ಹಲಗೆ. ಉಳಿದ ಎರಡರಿಂದ ತಲಾ ಮೂರರಂತೆ ಎರಡೂವರೆ ಅಡಿಯ ಆರು ಅಡ್ಡಹಲಗೆ. ಕೆಳಗೊಂದು, ಮೇಲೊಂದು, ನಡುವೆ ನಾಲ್ಕು. ಬೆನ್ನಿಗೆ 6 ಮಿ.ಮೀ. ಪ್ಲೈ. ಅಂಗಡಿಯಲ್ಲೇ ಮಷೀನ್‌ನಲ್ಲಿ ಸೀಳಿಸಿಕೊಂಡರೆ ಅಂಚು ನೇರ ಬರುತ್ತದೆ, ಆಟೋದಲ್ಲೂ ತರಬಹುದು. ಪಟ್ಟಿಯನ್ನು ಉದ್ದಕ್ಕೇ ಸೀಳಿಸುವುದು ಮುಖ್ಯ. ಹಾಳೆಯ ಮೇಲ್ಪದರದ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ. ಅಡ್ಡ ಕತ್ತರಿಸಿದ ಹಲಗೆ ಬೇಗ ಬಾಗುತ್ತದೆ.

ದರ್ಜೆಯ ವಿಷಯ. ಐಎಸ್ 303 ಅನ್ನುವ ಭಾರತೀಯ ಮಾನಕದ ಎಂಆರ್ (ತೇವವನ್ನು ಒಂದು ಮಟ್ಟಿಗೆ ತಡೆಯುವ) ಅಥವಾ ಕಮರ್ಷಿಯಲ್ ಪ್ಲೈ ಒಣ ಕೋಣೆಗೆ ಸಾಕು. ಮೈಸೂರು, ಬೆಂಗಳೂರು, ಹುಬ್ಬಳ್ಳಿಯ ಹಾಲ್‌ನಲ್ಲಿ ಇಡುವ ಶೆಲ್ಫ್‌ಗೆ ಸುಮ್ನೆ ಮರೀನ್ ಪ್ಲೈಗೆ ದುಡ್ಡು ಸುರಿಯಬೇಡಿ. ಆದರೆ ಕರಾವಳಿ, ಮಲೆನಾಡು, ನೆಲ ಒರೆಸಿದ ನೀರು ಒಣಗದ ಮನೆ, ಅಡುಗೆಮನೆ ಅಂದರೆ ಐಎಸ್ 710ರ ಬಿಡಬ್ಲ್ಯುಪಿ (ಕುದಿನೀರಿಗೂ ಬಿಡದ, ಅಂದರೆ ಮರೀನ್ ಪ್ಲೈ) ತಗೊಳ್ಳಿ. ಐಎಸ್‌ಐ ಗುರುತಿನ ಜೊತೆ ಈ ಸಂಖ್ಯೆ ಹಾಳೆಯ ಮೇಲೇ ಅಚ್ಚಾಗಿರುತ್ತದೆ. ಬಿಲ್‌ನಲ್ಲಿ ಬರೆದದ್ದನ್ನಲ್ಲ, ಹಾಳೆಯ ಮೇಲಿರುವುದನ್ನು ಓದಿ. ಕತ್ತರಿಸಿದ ಅಂಚನ್ನೂ ನೋಡಿ. ಪದರಗಳ ನಡುವೆ ಸಂದು, ತೂತು ಕಂಡರೆ ಬೇರೆ ಹಾಳೆ ಕೇಳಿ, ಯಾಕಂದರೆ ಸ್ಕ್ರೂ ಕೂರಬೇಕಾದ್ದು ಅಲ್ಲೇ.

ಹಲಗೆಯ ಮುಂದಿನ ಅಂಚಿಗೆ ಒಂದೂವರೆ ಇಂಚು ಅಗಲದ ಗಟ್ಟಿ ಮರದ ಬೀಡಿಂಗ್ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿದರೆ ಪ್ಲೈ ಅಂಚು ಮುಚ್ಚುತ್ತದೆ, ಹಲಗೆಗೆ ಬಲವೂ ಬರುತ್ತದೆ. ಇದೊಂದಿದ್ದರೆ ಮೂರಡಿ ತನಕ ಹೋಗಬಹುದು. ಇಲ್ಲದಿದ್ದರೆ ಎರಡೂವರೆ ಅಡಿಗೆ ನಿಲ್ಲಿಸಿ.

ಆಚಾರ್ರು ಬ್ಲಾಕ್ ಬೋರ್ಡ್ ಹಾಕೋಣ ಅಂದರೆ ಬೇಡ ಅನ್ನಬೇಕಿಲ್ಲ. ಅದು ಪ್ಲೈಗಿಂತ ಹಗುರ, ಒಳಗಿನ ಮರದ ಪಟ್ಟಿಗಳು ಉದ್ದಕ್ಕೆ ಇರುವಂತೆ ಕತ್ತರಿಸಿದರೆ ಚೆನ್ನಾಗಿ ಭಾರ ಹೊರುತ್ತದೆ. ಅಂಚಿಗೆ ಸ್ಕ್ರೂ ಹಾಕುವಾಗ ಮಾತ್ರ ಪಟ್ಟಿಗಳ ನಡುವಿನ ಸಂದಿಗೆ ಹೋಗದ ಹಾಗೆ ನೋಡಿಕೊಳ್ಳಬೇಕು.

ಗಟ್ಟಿ ಮರ

ಸ್ವಂತ ಮನೆ, ಮತ್ತೆ ಮಕ್ಕಳ ಕಾಲಕ್ಕೂ ಇರಲಿ ಅನ್ನುವ ಮನಸ್ಸು ಇದ್ದವರಿಗೆ ಇದು. ತೇಗ ಎಲ್ಲರಿಗೂ ಗೊತ್ತು. ಗೆದ್ದಲು ಅಷ್ಟಾಗಿ ಮುಟ್ಟುವುದಿಲ್ಲ, ಅಲುಗಾಡುವುದಿಲ್ಲ, ಬೆಲೆ ಮಾತ್ರ ಎದೆ ಒಡೆಯುತ್ತದೆ. ತೆರೆದ ಶೆಲ್ಫ್‌ಗೆ ತೇಗವೇ ಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕರಾವಳಿ, ಮಲೆನಾಡಿನವರಿಗೆ ತೋಟದ ಹಲಸು ಸಿಕ್ಕರೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ, ಕೆಲಸಕ್ಕೆ ಬಗ್ಗುತ್ತದೆ, ಬಾಳಿಕೆಯೂ ಚೆನ್ನಾಗಿದೆ. ಅಕೇಶಿಯಾ ಗಟ್ಟಿ, ತೂಕ, ಬೆಲೆಯೂ ಕೈಗೆಟುಕುತ್ತದೆ. ಆದರೆ ಸರಿಯಾಗಿ ಒಣಗದ ಅಕೇಶಿಯಾ ಸೀಳುತ್ತದೆ, ತಿರುಚುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಹಗುರ, ಅಗ್ಗ. ಹುಳು ಬೇಗ ಹಿಡಿಯುತ್ತದೆ, ಔಷಧಿ ಹೊಡೆಯದೆ ಬಳಸಬೇಡಿ.

ರಬ್ಬರ್ ವುಡ್ ಬಗ್ಗೆ ಜನಕ್ಕೆ ಅನುಮಾನ ಜಾಸ್ತಿ. ಹಸಿ ರಬ್ಬರ್ ಮರವನ್ನು ಹುಳು ಮತ್ತು ಬೂಷ್ಟು ಬೇಗ ತಿನ್ನುತ್ತವೆ ಅನ್ನುವುದು ನಿಜ. ಆದರೆ ಬೋರಾನ್ ಲವಣದಲ್ಲಿ ಸಂಸ್ಕರಿಸಿ, ಗೂಡಿನಲ್ಲಿ ಒಣಗಿಸಿ, ಸಣ್ಣ ತುಂಡುಗಳನ್ನು ಬೆರಳು ಹೆಣೆದಂತೆ ಜೋಡಿಸಿದ ಹಲಗೆ ಒಣ ಕೋಣೆಗೆ ತುಂಬಾ ಚೆನ್ನಾಗಿರುತ್ತದೆ. ಮೈಕಾ ಅಂಟಿಸುವ ಖರ್ಚಿಲ್ಲ, ಪಾಲಿಶ್ ಹೊಡೆದರೆ ಮರದ ಮುಖವೇ ಕಾಣುತ್ತದೆ. ನೀರು ತಾಗುವ ಜಾಗಕ್ಕೆ ಬೇಡ.

ಮರದ ಶೆಲ್ಫ್‌ನಲ್ಲಿ ನೆನಪಿಡಬೇಕಾದ್ದು: ಹಲಗೆ ಅಗಲದ ದಿಕ್ಕಿನಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಬೆನ್ನಿನ ಹಲಗೆಯನ್ನು ಪೂರ್ತಿ ಅಂಟು ಹಾಕಿ ಬಿಗಿದರೆ ಎಲ್ಲೋ ಒಂದು ಕಡೆ ಸೀಳು ಬರುತ್ತದೆ. ಕಚ್ಚಿನಲ್ಲಿ ಕೂರಿಸಿ ಸ್ವಲ್ಪ ಸಡಿಲ ಬಿಡಲು ಹೇಳಿ. ಹೀಗೆ ಸಡಿಲ ಬಿಟ್ಟಾಗ ಬೆನ್ನಿನಿಂದ ಬಿಗಿ ಸಿಗುವುದಿಲ್ಲ, ಹಾಗಾಗಿ ಪಕ್ಕದ ಹಲಗೆ ಮತ್ತು ಅಡ್ಡಹಲಗೆಯ ಕೂಡುಗಳು ಗಟ್ಟಿಯಾಗಿರಬೇಕು. ಒಂದು ಇಂಚು ದಪ್ಪದ ಗಟ್ಟಿ ಮರದ ಹಲಗೆ ಮೂರಡಿ ಉದ್ದಕ್ಕೆ ಬರುತ್ತದೆ.

ಹಳೇ ಮನೆ ಕೆಡವಿದ ಮರ ಸಿಗುವ ಕಡೆ ಹೊಸ ಮರದ ಅಂಗಡಿಗೆ ಹೋಗುವ ಮೊದಲು ಅಲ್ಲಿ ಒಮ್ಮೆ ನೋಡಿ. ದಶಕಗಳ ಕಾಲ ಒಣಗಿದ ಮರ ಅದು. ಮೊಳೆಗಳನ್ನೆಲ್ಲ ಕಿತ್ತ ಮೇಲೇ ಮಷೀನ್‌ಗೆ ಕೊಡಬೇಕು.

ರೆಡಿಮೇಡ್ ಪಾರ್ಟಿಕಲ್ ಬೋರ್ಡ್

ಕೊಳ್ಳುವಾಗ ಅಗ್ಗ, ನೋಡಲು ಚೆಂದ, ಒಂದು ಮಧ್ಯಾಹ್ನದಲ್ಲಿ ಜೋಡಿಸಬಹುದು. ಬಾಡಿಗೆ ಮನೆಯಲ್ಲಿ ಎರಡು-ಮೂರು ವರ್ಷ ಇರುವವರಿಗೆ ಇದು ತಪ್ಪು ಆಯ್ಕೆ ಅಲ್ಲ. ಆದರೆ ಮಿತಿ ಗೊತ್ತಿರಲಿ. ಮರದ ಪುಡಿ ಮತ್ತು ಅಂಟಿನ ಹಲಗೆ ಇದು. ಪುಸ್ತಕದ ಭಾರಕ್ಕೆ ನಿಧಾನವಾಗಿ ಬಾಗಿ ಹಾಗೇ ಉಳಿದುಬಿಡುತ್ತದೆ. ಎರಡಡಿಗಿಂತ ಉದ್ದದ ಖಾನೆ ಇರುವುದನ್ನು ಪುಸ್ತಕಕ್ಕೆ ಕೊಳ್ಳಬೇಡಿ. ನೀರು ತಾಗಿದ ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಬಿಚ್ಚಿ ಜೋಡಿಸಿದಷ್ಟೂ ಸ್ಕ್ರೂ ತೂತು ಸಡಿಲವಾಗುತ್ತದೆ. ಹಾಗಾಗಿ ಮನೆ ಬದಲಾಯಿಸುವಾಗ ಆದಷ್ಟು ಬಿಚ್ಚದೆ ಸಾಗಿಸಿ.

ಇದರ ಬೆನ್ನಿಗೆ ಕೊಡುವ ತೆಳು ಹಲಗೆ ಸುಮಾರು 3 ಮಿ.ಮೀ. ಇರುತ್ತದೆ. ಇದನ್ನು ಹಾಕದೆ ಬಿಡುವವರಿದ್ದಾರೆ, ಹಾಕಲೇಬೇಕು. ಶೆಲ್ಫ್ ಪಕ್ಕಕ್ಕೆ ವಾಲಿ ಓಲಾಡದ ಹಾಗೆ ತಡೆಯುವುದು ಅದೇ. ಆದರೆ ಶೆಲ್ಫನ್ನು ಗೋಡೆಗೆ ಹಿಡಿಸುವ ಕ್ಲಾಂಪನ್ನು ಅದಕ್ಕೆ ಹೊಡೆಯಬಾರದು. ಪಕ್ಕದ ಹಲಗೆಗೋ ಮೇಲಿನ ದಪ್ಪ ಹಲಗೆಗೋ ಹೊಡೆಯಬೇಕು.

ಗೋಡೆ ಯಾವುದು ಅಂತ ತಿಳಿಯುವುದು ಹೇಗೆ

ಶೆಲ್ಫ್ ಮರೆಮಾಡುವ ಜಾಗದಲ್ಲಿ 6 ಮಿ.ಮೀ. ಬಿಟ್‌ನಲ್ಲಿ ಒಂದು ತೂತು ಕೊರೆದು ನೋಡಿ. ಮೊದಲ ಅರ್ಧ-ಮುಕ್ಕಾಲು ಇಂಚು ಗಾರೆಯ ಬೂದು ಪುಡಿ ಬರುತ್ತದೆ. ಅದಾದ ಮೇಲೆ ಬರುವುದನ್ನು ಗಮನಿಸಿ. ಕೆಂಪು ನುಣ್ಣನೆ ಪುಡಿ ಅಂದರೆ ಸುಟ್ಟ ಇಟ್ಟಿಗೆ. ಬೂದು ಪುಡಿ, ಡ್ರಿಲ್ ಕಷ್ಟಪಟ್ಟು ಹೋಗುತ್ತಿದೆ ಅಂದರೆ ಕಾಂಕ್ರೀಟ್ ಅಥವಾ ಸಾಲಿಡ್ ಬ್ಲಾಕ್. ಬಿಳಿ ಹಿಟ್ಟಿನಂಥ ಪುಡಿ, ಬೆಣ್ಣೆಯಂತೆ ಇಳಿಯಿತು ಅಂದರೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್). ಒಂದಿಂಚು ಆದಮೇಲೆ ಡ್ರಿಲ್ ದಡಕ್ಕನೆ ಒಳಗೆ ಬಿತ್ತು ಅಂದರೆ ಹಾಲೋ ಬ್ಲಾಕ್. ಕೆಂಪು-ಹಳದಿ ಮಿಶ್ರದ ತರಿತರಿ ಬಂದರೆ ಮುರಕಲ್ಲು.

ಕೊರೆಯುವ ಮೊದಲು ಸ್ವಿಚ್ ಬೋರ್ಡ್ ಎಲ್ಲಿದೆ ನೋಡಿ. ವೈರಿನ ಪೈಪು ಸಾಮಾನ್ಯವಾಗಿ ಬೋರ್ಡಿನಿಂದ ನೇರ ಮೇಲಕ್ಕೆ ಹೋಗಿರುತ್ತದೆ, ಕೆಲವೊಮ್ಮೆ ಅಡ್ಡಕ್ಕೂ. ಆ ಎರಡು ಗೆರೆ ಬಿಟ್ಟುಬಿಡಿ. ಬಚ್ಚಲುಮನೆಯ ಹಿಂದಿನ ಗೋಡೆಯಲ್ಲಿ ನೀರಿನ ಪೈಪು ಇರುತ್ತದೆ, ತೇವವೂ ಇರುತ್ತದೆ. ಆ ಗೋಡೆಗೆ ಶೆಲ್ಫ್ ಇಡದಿರುವುದೇ ಒಳ್ಳೆಯದು.

ಇಟ್ಟಿಗೆ ಮತ್ತು ಸಾಲಿಡ್ ಬ್ಲಾಕ್‌ನಲ್ಲಿ ಕೆಲಸ ಸಲೀಸು. 8 ಮಿ.ಮೀ. ನೈಲಾನ್ ರಾಲ್ ಪ್ಲಗ್ (ತೂತಿನೊಳಗೆ ಕೂತು ಸ್ಕ್ರೂ ಹಿಡಿದುಕೊಳ್ಳುವ ಕೊಳವೆ), ಅದಕ್ಕೆ 5 ಮಿ.ಮೀ. ದಪ್ಪದ ಸ್ಕ್ರೂ. ಪ್ಲಗ್ ಪೂರ್ತಿಯಾಗಿ ಗಾರೆ ದಾಟಿ ಇಟ್ಟಿಗೆಯೊಳಗೆ ಕೂರಬೇಕು, ಗಾರೆಗೆ ಹಿಡಿತ ಇಲ್ಲ. ತೂತಿನ ಪುಡಿಯನ್ನು ಊದಿ ತೆಗೆಯದಿದ್ದರೆ ಪ್ಲಗ್ ಒಳಗೇ ತಿರುಗುತ್ತದೆ. ಹೊಸ ಅಪಾರ್ಟ್‌ಮೆಂಟ್‌ಗಳ ಆರ್‌ಸಿಸಿ ಗೋಡೆಗೆ ಮನೆಯ ಸಣ್ಣ ಡ್ರಿಲ್ ಸಾಲದು. ರೋಟರಿ ಹ್ಯಾಮರ್ ಇರುವವರನ್ನು ಕರೆಯಿರಿ. ಒಮ್ಮೆ ಕೂತ ಮೇಲೆ ಅದರಷ್ಟು ಭದ್ರ ಯಾವುದೂ ಇಲ್ಲ.

ಎಎಸಿಯಲ್ಲಿ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಕೊರೆಯಬೇಕು. ಕಬ್ಬಿಣದ ಆ್ಯಂಕರ್ ಬೋಲ್ಟ್ ಬೇಡವೇ ಬೇಡ. ಅದು ಹಿಗ್ಗುವಾಗ ಬ್ಲಾಕ್ ಪುಡಿಯಾಗುತ್ತದೆ. ಎಎಸಿಗೆಂದೇ ಮಾಡಿದ ಉದ್ದನೆಯ ನೈಲಾನ್ ಪ್ಲಗ್ ಸಿಗುತ್ತವೆ. ಹಾಲೋ ಬ್ಲಾಕ್ ಮತ್ತು ಜಿಪ್ಸಂ ಬೋರ್ಡ್‌ಗೆ ಒಳಗೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟ್ ಬಳಸಿ. ಮುರಕಲ್ಲಿನಲ್ಲಿ ತೂತು ದೊಡ್ಡದಾಗಿಬಿಡುತ್ತದೆ. 10 ಮಿ.ಮೀ. ದಪ್ಪದ ಉದ್ದ ಪ್ಲಗ್ ಹಾಕಿ. ಅದೂ ನಿಲ್ಲದಿದ್ದರೆ ಹಳೇ ಉಪಾಯ ಇದೆ: ಎರಡಿಂಚಿನ ಗುಳಿ ತೋಡಿ, ಒಳಗೆ ಅಗಲ ಹೊರಗೆ ಕಿರಿದಾದ ಗಟ್ಟಿ ಮರದ ಗುಟ್ಟಿಯನ್ನು ಸಿಮೆಂಟಿನಲ್ಲಿ ಹೂತು, ಒಣಗಿದ ಮೇಲೆ ಅದಕ್ಕೆ ಸ್ಕ್ರೂ ಹೊಡೆಯುವುದು. ಮಣ್ಣಿನ ಗೋಡೆಯ ಮನೆಯಲ್ಲಿ ಗೋಡೆಯನ್ನು ಕೆಣಕಬೇಡಿ. ಹತ್ತಿರದ ಕಂಬಕ್ಕೋ ತೊಲೆಗೋ ಕಬ್ಬಿಣದ ಪಟ್ಟಿಯಲ್ಲಿ ಬಿಗಿಯಿರಿ.

ಹಿಡಿತದ ಮೂರು ದಾರಿ

ನಮ್ಮ ಮನೆಗಳಲ್ಲಿ ಶೆಲ್ಫ್ ಗೋಡೆಗೆ ಒತ್ತಿ ಕೂರುವುದೇ ಇಲ್ಲ, ಯಾಕಂದರೆ ಕೆಳಗೆ ಸ್ಕರ್ಟಿಂಗ್ ಟೈಲ್ಸ್ ಅರ್ಧ ಇಂಚು ಮುಂದೆ ಬಂದಿರುತ್ತದೆ. ಪಕ್ಕದ ಹಲಗೆಗಳ ಹಿಂದಿನ ಕೆಳಮೂಲೆಯಲ್ಲಿ ನಾಲ್ಕೂವರೆ ಇಂಚು ಎತ್ತರ, ಅರ್ಧ ಇಂಚು ಆಳ ಕತ್ತರಿಸಿದರೆ ಶೆಲ್ಫ್ ಗೋಡೆಗೆ ಅಂಟುತ್ತದೆ. ನೋಡಲು ಇದು ಚೆಂದ. ಆದರೆ ಮಳೆ ಜಾಸ್ತಿ ಇರುವ ಊರಲ್ಲಿ ಆ ಅರ್ಧ ಇಂಚು ಸಂದಿ ಇರಲಿ ಅನ್ನುತ್ತೇನೆ. ಗಾಳಿಯಾಡಿದರೆ ಪುಸ್ತಕಕ್ಕೆ ಬೂಷ್ಟು ಬರುವುದು ಕಡಿಮೆ.

ಸಂದಿ ಇದ್ದರೂ ಎಲ್ ಕ್ಲಾಂಪ್ ಕೆಲಸ ಮಾಡುತ್ತದೆ. ಮೇಲಿನ ಹಲಗೆಯ ಎರಡೂ ತುದಿಗೆ ಒಂದೊಂದು, ಒಂದು ಕಾಲು ಹಲಗೆಗೆ, ಇನ್ನೊಂದು ಗೋಡೆಗೆ. ಅಗ್ಗ, ಯಾರು ಬೇಕಾದರೂ ಹಾಕಬಹುದು, ರೆಡಿಮೇಡ್‌ಗೂ ಆಗುತ್ತದೆ. ಹಲಗೆ 18 ಮಿ.ಮೀ. ಇದ್ದರೆ ಸ್ಕ್ರೂ 16ಕ್ಕಿಂತ ಉದ್ದ ಬೇಡ, ಕೆಳಗೆ ಮೂತಿ ಹೊರಬರುತ್ತದೆ.

ಹೊಸದಾಗಿ ಮಾಡಿಸುವುದಾದರೆ ನನಗೆ ಇಷ್ಟವಾದ ದಾರಿ ಒಳಪಟ್ಟಿ. ಮೇಲಿನ ಹಲಗೆಯ ಕೆಳಗೆ, ಬೆನ್ನಿಗೆ ತಾಗಿ, ಮೂರಿಂಚು ಅಗಲದ ಗಟ್ಟಿ ಮರದ ಪಟ್ಟಿಯನ್ನು ಎರಡು ಪಕ್ಕದ ಹಲಗೆಗೂ ಸೇರಿಸಿ ಕೂರಿಸುವುದು. ಅದರ ಮೂಲಕವೇ ಗೋಡೆಗೆ ಉದ್ದ ಸ್ಕ್ರೂ ಹೋಗುತ್ತದೆ. ಸಂದಿಯಲ್ಲಿ ಸ್ಕರ್ಟಿಂಗ್‌ನಷ್ಟೇ ದಪ್ಪದ ರೀಪು ತುಂಡು ಇಡಬೇಕು, ಇಲ್ಲದಿದ್ದರೆ ಬಿಗಿದಾಗ ಬೆನ್ನು ಒಳಕ್ಕೆ ಜಗ್ಗುತ್ತದೆ. ಕೊರೆಯಲು ಜಾಗ ಎಲ್ಲಿ ಸಿಕ್ಕರೂ ಪಟ್ಟಿಯ ಉದ್ದಕ್ಕೂ ಸ್ಕ್ರೂ ಹಾಕಬಹುದು ಅನ್ನುವುದು ಇದರ ದೊಡ್ಡ ಲಾಭ. ಹಾಲೋ ಬ್ಲಾಕ್ ಗೋಡೆಯಲ್ಲಿ ಗಟ್ಟಿ ಜಾಗ ಹುಡುಕುವಾಗ ಇದು ಬಹಳ ಅನುಕೂಲ.

ಮೂರನೆಯದು ಪಟ್ಟಿ ಅಥವಾ ಸ್ಟೀಲ್ ತಂತಿಯ ಬೆಲ್ಟ್. ಬೀಳುವುದನ್ನು ತಡೆಯುತ್ತದೆ, ಓಲಾಡುವುದನ್ನು ತಡೆಯುವುದಿಲ್ಲ. ಪ್ಲಾಸ್ಟಿಕ್ ಜಿಪ್ ಟೈ ಮಾತ್ರ ಬೇಡ, ಕೆಲವು ವರ್ಷಕ್ಕೆ ಗರಿಗರಿಯಾಗಿ ಮುರಿಯುತ್ತದೆ.

ಯಾವುದೇ ಆಗಲಿ, ಮೊದಲು ರಸಮಟ್ಟ ಇಟ್ಟು ನೋಡಿ. ನೆಲ ಮುಂದಕ್ಕೆ ಇಳಿಜಾರಿದ್ದರೆ ಮುಂದಿನ ಕಾಲಿನ ಕೆಳಗೆ ಮೈಕಾ ಚೂರು ಕೊಟ್ಟು, ಶೆಲ್ಫ್ ಕೂದಲೆಳೆಯಷ್ಟು ಗೋಡೆಯ ಕಡೆ ವಾಲುವ ಹಾಗೆ ಮಾಡಿ. ಆಮೇಲೆ ಗೋಡೆಗೆ ಬಿಗಿಯಿರಿ. ವಕ್ರವಾಗಿ ನಿಂತದ್ದನ್ನು ಸ್ಕ್ರೂನಿಂದ ಎಳೆದು ನೇರ ಮಾಡಲು ಹೋದರೆ ಪ್ಲಗ್ ಕಿತ್ತು ಬರುತ್ತದೆ. ದಿನಾ ನೆಲ ಒರೆಸುವ ಮನೆಯಾದರೆ ಕಾಲುಗಳ ಕೆಳಗೆ ಪಿವಿಸಿ ಬುಷ್ ಅಥವಾ ಗ್ರಾನೈಟ್ ಚೂರು ಇರಲಿ.

ಯಾರಿಗೆ ಯಾವುದು

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದು, ಪುಸ್ತಕ ಕಡಿಮೆ ಇದ್ದರೆ ಎರಡಡಿ ಅಗಲದ ರೆಡಿಮೇಡ್ ಸಾಕು. ಗೋಡೆಗೆ ತೂತು ಕೊರೆಯಲು ಓನರನ್ನು ಕೇಳಿ. ಎರಡು 8 ಮಿ.ಮೀ. ತೂತನ್ನು ಬಿಡುವಾಗ ವಾಲ್ ಪುಟ್ಟಿ ತುಂಬಿ ಮುಚ್ಚಿಕೊಡುತ್ತೇನೆ ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪಲೇ ಇಲ್ಲ ಅಂದರೆ ಎತ್ತರದ ಶೆಲ್ಫ್ ಆಸೆ ಬಿಡಿ. ಮೂರಡಿ ಎತ್ತರದ ಎರಡನ್ನು ಕೋಣೆಯ ಮೂಲೆಯಲ್ಲಿ ಎಲ್ ಆಕಾರಕ್ಕೆ ಇಟ್ಟು, ಒಂದಕ್ಕೊಂದು ಬೋಲ್ಟ್ ಹಾಕಿ. ಒಂದು ಮುಂದಕ್ಕೆ ಬೀಳಲು ನೋಡಿದರೆ ಇನ್ನೊಂದು ಹಿಡಿಯುತ್ತದೆ.

ಪುಸ್ತಕ ಜಾಸ್ತಿ, ಮನೆ ಬದಲಾಯಿಸುವುದೂ ಇದೆ ಅಂದರೆ ಮೇಲೆ ಹೇಳಿದ ಒಂದು ಹಾಳೆಯ ಪ್ಲೈವುಡ್ ಶೆಲ್ಫನ್ನೇ ಎರಡು-ಮೂರು ಮಾಡಿಸಿ. ಒಂದು ದೊಡ್ಡದಕ್ಕಿಂತ ಸಣ್ಣವು ಲಿಫ್ಟಿಗೂ ಮೆಟ್ಟಿಲಿಗೂ ಹೊಂದುತ್ತವೆ.

ಕರಾವಳಿ, ಮಲೆನಾಡಿನ ಸ್ವಂತ ಮನೆಗೆ ಹಲಸು ಅಥವಾ ಚೆನ್ನಾಗಿ ಒಣಗಿದ ಅಕೇಶಿಯಾ, ಇಲ್ಲವೇ ಬಿಡಬ್ಲ್ಯುಪಿ ಪ್ಲೈ. ನೆಲದಿಂದ ಮೂರಿಂಚು ಎತ್ತರದ ಕಾಲು, ಗೋಡೆಯಿಂದ ಅರ್ಧ ಇಂಚು ದೂರ, ಪ್ಲಗ್ ನಿಲ್ಲದಿದ್ದರೆ ಹಿಡಿತಕ್ಕೆ ಮರದ ಗುಟ್ಟಿ. ಗೆದ್ದಲು ಹೆಚ್ಚಾಗಿ ಬರುವುದು ನೆಲ, ಗೋಡೆಯ ಮೂಲಕ. ಆ ಸಂದಿಯಲ್ಲಿ ಮಣ್ಣಿನ ಗೆರೆ ಎದ್ದರೆ ಟಾರ್ಚ್ ಹಾಕಿ ನೋಡಿದಾಗ ಕಾಣುತ್ತದೆ.

ಚಿಕ್ಕ ಮಕ್ಕಳಿರುವ ಮನೆಗೆ ಮರದ ಆಯ್ಕೆ ಎರಡನೆಯ ಮಾತು. ಗೋಡೆಗೆ ಬಿಗಿಯುವ ತನಕ ಶೆಲ್ಫ್‌ನಲ್ಲಿ ಒಂದು ಪುಸ್ತಕವನ್ನೂ ಇಡಬೇಡಿ, ಆಟದ ಸಾಮಾನನ್ನು ಮೇಲಿನ ಖಾನೆಯಲ್ಲಿ ಯಾವತ್ತೂ ಇಡಬೇಡಿ. ಬಜೆಟ್ ಬಿಗಿಯಾಗಿದ್ದರೆ ಮೈಕಾ ಬಿಡಿ, ಪಾಲಿಶ್ ಬಿಡಿ, ಬೇಕಿದ್ದರೆ ಮುಂದಿನ ವರ್ಷ ಬಣ್ಣ ಹೊಡೆಯಿರಿ. ಕ್ಲಾಂಪ್, ಪ್ಲಗ್, ಸ್ಕ್ರೂಗೆ ಆಗುವ ನೂರಿನ್ನೂರು ರೂಪಾಯಿಯಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಹಾಕಿ ಒಂದು ತಿಂಗಳಾದ ಮೇಲೆ, ಮತ್ತೆ ಮೊದಲ ಮಳೆಗಾಲ ಮುಗಿದ ಮೇಲೆ, ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿದು ನೋಡಿ.